ಹುರಿದ ಸಾಸೇಜಿನ ಉಳಿಕೆ

ನಮ್ಮ ಊರಿನಲ್ಲಿ ಮಾರುವ ಪ್ರತಿ ತಿನಿಸಿಗೂ ಒಂದು ಚೀಟಿ ಇರಬೇಕು. ಅದರ ನೂರು ಗ್ರಾಮಿನಲ್ಲಿ ನೀರು ಎಷ್ಟು, ಪ್ರೋಟೀನ್ ಎಷ್ಟು, ಕೊಬ್ಬು ಎಷ್ಟು, ಪಿಷ್ಟ ಎಷ್ಟು, ಸುಟ್ಟ ಮೇಲೆ ಸಿಗುವ ಉಪ್ಪುಬೂದಿ ಎಷ್ಟು ಎಂದು ಐದು ಸಾಲು. ಈ ಐದನ್ನೂ ಕೂಡಿಸಿದರೆ ನೂರು ಆಗುವುದಿಲ್ಲ. ಕಡಿಮೆ ಬಿದ್ದದ್ದನ್ನು ಆರನೆಯ ಸಾಲಿನಲ್ಲಿ ಬರೆಯುತ್ತೇವೆ. ಅದಕ್ಕೆ ಉಳಿಕೆ ಎಂದು ಹೆಸರು. ಅಡುಗೆಗೆ ಕೈಹಾಕಿದವರು ಮನಸ್ಸಿನಲ್ಲಿಟ್ಟುಕೊಂಡು ಹೇಳದೆ ಬಿಟ್ಟದ್ದು ಅದು. ಉಳಿಕೆ ನಾಲ್ಕು ಗ್ರಾಮ್ ದಾಟಿದರೆ ಮಾರುವಂತಿಲ್ಲ. ತಿಂದವರ ನಾಲಿಗೆ ಕಟ್ಟುತ್ತದೆ. ನಾನು ಹುಟ್ಟುವ ಮೊದಲು ಮದುವೆಯೊಂದರಲ್ಲಿ ಅಡುಗೆಯವನು ಏನನ್ನೋ ನುಂಗಿಕೊಂಡು ಪಾಯಸ ಕಾಸಿದ್ದನಂತೆ. ವಧೂವರರಿಗೆ ಶುಭ ಕೋರಬೇಕಾಗಿದ್ದವರು ಮೈಕ್ ಹಿಡಿದು ಅರ್ಧ ಗಂಟೆ ಸುಮ್ಮನೆ ನಿಂತರು, ಸಭೆ ಸುಮ್ಮನೆ ಕೇಳಿತು, ಆಮೇಲೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅಷ್ಟು ಒಳ್ಳೆಯ ಭಾಷಣ ಮತ್ತೆ ಆಗಿಲ್ಲ ಎನ್ನುವವರು ಇಂದಿಗೂ ಇದ್ದಾರೆ.

ಹಾಗಾಗಿ ಇಲ್ಲಿಯ ಅಡುಗೆಮನೆಗಳು ಮಾತಿನ ಮನೆಗಳು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನು ತನ್ನ ಷಡ್ಡಕನ ಮೇಲಿನ ಸಿಟ್ಟನ್ನೆಲ್ಲ ಹೇಳುತ್ತಲೇ ಹುಯ್ಯುತ್ತಾನೆ. ಗಿರಾಕಿಗಳು ಕೇಳಿಸಿಕೊಂಡರೂ ಕೇಳಿಸದವರಂತೆ ಇನ್ನಷ್ಟು ಚಟ್ನಿ ಕೇಳುತ್ತಾರೆ. ದೊಡ್ಡ ಸಮಾರಂಭಗಳಲ್ಲಿ ಅಡುಗೆಯವರ ಪಕ್ಕ ಕುಳಿತು ಹೂಂಗುಟ್ಟುವುದಕ್ಕೆಂದೇ ಕೆಲವು ಹೆಂಗಸರನ್ನು ಕರೆಸುತ್ತಾರೆ. ಮನೆಯ ಅಡುಗೆಗೆ ಮಾತ್ರ ಚೀಟಿ ಇಲ್ಲ. ಮನೆಯವರ ಅನ್ನವನ್ನು ತೂಗುವುದು ಅವರ ಕಾಗದವನ್ನು ಕದ್ದು ಓದುವುದಕ್ಕಿಂತ ಕೀಳು ಎಂದು ನಾವು ಚಿಕ್ಕವರಿದ್ದಾಗಲೇ ಕಲಿಯುತ್ತೇವೆ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಈ ಚೀಟಿ ಬರೆದುಕೊಡುವ ಪರೀಕ್ಷೆಯ ಕಚೇರಿ ಸೇರಿದೆ. ಸಂದರ್ಶನದಲ್ಲಿ ಕಚೇರಿಯ ಮುಖ್ಯಸ್ಥೆ ಸುನೇತ್ರಾ ಮೇಡಂ ಕೇಳಿದ ಐದು ಪ್ರಶ್ನೆಗಳಿಗೆ ಐದು ಮಾತಿನಲ್ಲಿ ಉತ್ತರಿಸಿದ್ದೆ. "ಮಾತು ಕಡಿಮೆ, ಒಳ್ಳೇದೇ. ತಕ್ಕಡಿಗೆ ಮಾತು ಬೇಡ," ಎಂದು ಅವರು ನನ್ನನ್ನು ತೆಗೆದುಕೊಂಡರು. ಎರಡು ವರ್ಷ ದೂಮಪ್ಪಣ್ಣ ಎಂಬ ಹಿರಿಯ ಪರೀಕ್ಷಕರ ಕೈಕೆಳಗೆ ಕೆಲಸ ಮಾಡಿದೆ. ಅವರು ನಿವೃತ್ತರಾದ ಮೇಲೆ ಅವರ ಮೇಜು ನನಗೆ ಬಂತು. ನನಗೆ ಆ ಕೋಣೆ ಇಷ್ಟವಾಗಿತ್ತು. ಒಣಗಿಸುವ ಒಲೆಯ ಸಣ್ಣ ಗುಂಯ್‌ಗುಟ್ಟುವಿಕೆ ಬಿಟ್ಟರೆ ಅಲ್ಲಿ ಸದ್ದೇ ಇರಲಿಲ್ಲ. ಮಾತಿನ ಊರಿನ ಮಧ್ಯೆ ಯಾರೋ ನನಗಾಗಿ ಒಂದು ಖಾಲಿ ಜಾಗ ಬಿಟ್ಟುಕೊಟ್ಟಂತೆ ಅನಿಸುತ್ತಿತ್ತು.

ಅಂಗಡಿಯವರು ಬೇಯಿಸಿದ ತಿನಿಸನ್ನೇ ನಮ್ಮಲ್ಲಿಗೆ ತರುತ್ತಾರೆ. ಒಂದೇ ಒಂದು ಪದಾರ್ಥ ಹಸಿಯಾಗಿ ಬರುತ್ತದೆ. ಅದು ಪಿಯದಾ ಬಾಯಿಯ ಹಂದಿ ಸಾಸೇಜ್. ಅವರೂ ಅವರ ಗಂಡ ಬಸ್ತಿ ಪೊರ್ಬುಗಳೂ ಸೇರಿ ಮಾಡುತ್ತಾರೆ. ಕ್ರೈಸ್ತ ಹಿರಿಯರನ್ನು ನಮ್ಮಲ್ಲಿ ಗಂಡಸರಾದರೆ ಪೊರ್ಬುಗಳು, ಹೆಂಗಸರಾದರೆ ಬಾಯಿ ಎಂದು ಗೌರವದಿಂದ ಕರೆಯುತ್ತೇವೆ. ಮಾಂಸವನ್ನು ಮೆಣಸು, ಬೆಳ್ಳುಳ್ಳಿ, ಕಳ್ಳಿನ ವಿನೆಗರಿನಲ್ಲಿ ನೆನೆಸಿಟ್ಟು, ಪೊರ್ಬುಗಳು ಮಿಷನ್ನಿನ ಹಿಡಿ ತಿರುಗಿಸಿದರೆ ಬಾಯಿ ಕರುಳನ್ನು ಹಿಡಿದು ತುಂಬಿಸುತ್ತಾರೆ, ಆಮೇಲೆ ಗೋಡೆಯ ಹನ್ನೊಂದು ಕೊಕ್ಕೆಗಳಿಗೆ ಮಾಲೆ ಮಾಡಿ ತೂಗುಹಾಕಿ ಹೊಗೆ ಕೊಡುತ್ತಾರೆ. ಕೊಂಡವರು ತಮ್ಮ ತಮ್ಮ ಮನೆಯಲ್ಲಿ ಹುರಿದುಕೊಳ್ಳುತ್ತಾರೆ. ಆದರೆ ಸಾಸೇಜನ್ನು ಹಸಿಯಾಗಿ ಯಾರೂ ತಿನ್ನುವುದಿಲ್ಲವಾದ್ದರಿಂದ ಹಸಿಯದರ ಲೆಕ್ಕದಿಂದ ಪ್ರಯೋಜನವಿಲ್ಲ. ಹುರಿದಾಗ ನೀರು ಹೋಗುತ್ತದೆ, ಕೊಬ್ಬು ಅಷ್ಟಿಷ್ಟು ಕರಗಿ ಬಾಣಲೆಯಲ್ಲಿ ನಿಲ್ಲುತ್ತದೆ, ಪ್ರೋಟೀನ್ ಒತ್ತಾಗುತ್ತದೆ. ಚೀಟಿ ಹುರಿದ ಸಾಸೇಜಿನದ್ದೇ ಆಗಬೇಕು. ಅದನ್ನು ಪರೀಕ್ಷಕನೇ ಕಚೇರಿಯಲ್ಲಿ ಹುರಿಯುತ್ತಾನೆ. ನಾಲ್ಕು ತುಂಡು, ಎಣ್ಣೆ ಹಾಕದ ಬಾಣಲೆ, ಸಣ್ಣ ಉರಿ, ಹದಿನೈದು ನಿಮಿಷ, ನಡುವಿನ ಗುಲಾಬಿ ಬಣ್ಣ ಹೋಗುವ ತನಕ. ಕೈಪಿಡಿಯಲ್ಲಿ ಇಷ್ಟೇ ಇದೆ.

ದೂಮಪ್ಪಣ್ಣ ಆ ಹದಿನೈದು ನಿಮಿಷ ಬಾಣಲೆಯ ಹತ್ತಿರ ಮಾತನಾಡುತ್ತಿದ್ದರು. "ನಿನ್ನೆ ಹೆಂಡತಿ ಹತ್ರ ಮೀನು ತಾಜಾ ಅಂತ ಸುಳ್ಳು ಹೇಳಿದೆ ಮಾರಾಯ," ಎಂದು ಸಾಸೇಜಿಗೇ ಹೇಳುತ್ತಿದ್ದರು. ವಯಸ್ಸಾಯಿತು, ಪಾಪ, ಎಂದುಕೊಳ್ಳುತ್ತಿದ್ದೆ. ಅವರ ಕೈಯಲ್ಲಿ ಪಿಯದಾ ಬಾಯಿಯ ಚೀಟಿ ಹೆಚ್ಚುಕಡಿಮೆ ಬದಲಾಗುತ್ತಲೇ ಇರಲಿಲ್ಲ. ನೀರು ನಲವತ್ತೊಂಬತ್ತೂವರೆ, ಪ್ರೋಟೀನ್ ಹದಿನೆಂಟು ಪಾಯಿಂಟ್ ಆರು, ಕೊಬ್ಬು ಇಪ್ಪತ್ತಾರು ಪಾಯಿಂಟ್ ಒಂಬತ್ತು, ಪಿಷ್ಟ ಒಂದೂ ಚಿಲ್ಲರೆ, ಬೂದಿ ಮೂರಕ್ಕೆ ಸ್ವಲ್ಪ ಕಡಿಮೆ. ಉಳಿಕೆ ಸೊನ್ನೆ ಪಾಯಿಂಟ್ ಎಂಟು.

ನಾನು ಒಬ್ಬನೇ ಹುರಿದ ಮೊದಲ ಸಲ ಆರು ಬಂತು.

"ಆರಾ?" ಪಿಯದಾ ಬಾಯಿ ಚೀಟಿಯನ್ನು ಬೆಳಕಿಗೆ ಹಿಡಿದರು. "ಸಿಪ್ರಿ, ಕನ್ನಡಕ ಒರೆಸಿ ಇನ್ನೊಮ್ಮೆ ನೋಡು ಮಗಾ."

"ಮೂರು ಸಲ ನೋಡಿದೆ ಬಾಯಿ."

"ನನ್ನ ಹೊಟ್ಟೆಯಲ್ಲಿ ಎಂತದಾದ್ರೂ ಉಳೀತದಾ? ಪಿಯದಾ ಉಸಿರು ತಗೊಳ್ಳುದು ಮುಂದಿನ ಮಾತಿಗೆ ಅಂತ ಊರೇ ಹೇಳ್ತದೆ. ಮೊನ್ನೆ ಫೆಲ್ಸಿ ಟೀಚರ್ ಒಂದು ಕಿಲೋ ತಗೊಂಡು ಹೋದಳು. ಇವತ್ತು ಬೆಳಿಗ್ಗೆ ಗೇಟಿನ ಹತ್ರ ಒಂದು ಗಂಟೆ ನಿಂತು ನನ್ನ ತಲೆ ತಿಂದಳು. ಅವಳ ನಾಲಿಗೆ ಕಟ್ಟಿದೆಯಾ, ಹೋಗಿ ಕೇಳು!"

ಅವರು ಹೇಳಿದ್ದು ಸರಿಯಾಗಿತ್ತು. ಆದರೆ ನಿಯಮ ಕಚೇರಿಯ ಮಾದರಿಯನ್ನು ನೋಡುತ್ತದೆ, ಫೆಲ್ಸಿ ಟೀಚರನ್ನಲ್ಲ. ನಾನು ಹಾಗೆಂದೆ. ಬಾಯಿ ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಇನ್ನು ಜಾಸ್ತಿ ಮಾತಾಡ್ತೇನೆ, ಬಿಡು," ಎಂದು ಹೋದರು.

ಮುಂದಿನ ತಿಂಗಳು ಎಂಟು ಪಾಯಿಂಟ್ ಮೂರು ಬಂತು. ಮೂರು ಸಲ ತಪ್ಪಿದರೆ ಕಚೇರಿಯ ಜನ ಬಂದು ಅಂಗಡಿಯ ಕೊಕ್ಕೆಗಳನ್ನು ಗೋಡೆಯಿಂದ ಕೀಳುತ್ತಾರೆ. ಕಿತ್ತ ಕೊಕ್ಕೆಯನ್ನು ಈ ಊರಿನಲ್ಲಿ ಯಾರೂ ಮತ್ತೆ ಹೊಡೆದದ್ದಿಲ್ಲ. ಆ ಹನ್ನೊಂದು ಕೊಕ್ಕೆಗಳು ಬಾಯಿಯ ಅತ್ತೆಯ ಕಾಲದವು. ಈ ಸಲ ಅವರು ಕನ್ನಡಕದ ಮಾತೆತ್ತಲಿಲ್ಲ.

"ಏನೋ ಉಂಟು ಹಾಗಾದ್ರೆ ನನ್ನೊಳಗೆ. ನನಗೇ ಗೊತ್ತಿಲ್ಲದ್ದು," ಎಂದರು. "ಮುಂದಿನ ಪರೀಕ್ಷೆ ಯಾವಾಗ?"

"ಹತ್ತು ದಿನ ಬಿಟ್ಟು."

"ಹುಡುಕ್ತೇನೆ."

ಅವರು ಹೋದ ಮೇಲೆ ನಾನು ಬಾಣಲೆ ತೊಳೆಯತೊಡಗಿದೆ. ದೂಮಪ್ಪಣ್ಣನ ಗೊಣಗಾಟ ನೆನಪಾಯಿತು. ಆ ಸಂಜೆ ದಾರಿಬದಿಯಿಂದ ಎರಡು ಆಲೂಗಡ್ಡೆ ತಂದೆ. ನಾನೇ ಸಿಪ್ಪೆ ತೆಗೆದೆ, ನಾನೇ ಹೆಚ್ಚಿದೆ, ನಾನೇ ಹುರಿದೆ. ಇನ್ನೊಬ್ಬರ ಕೈ ಅದಕ್ಕೆ ತಾಗಿರಲಿಲ್ಲ. ಒಣಗಿಸಿ, ಸುಟ್ಟು, ತೂಗಿದೆ. ಉಳಿಕೆ ಏಳೂವರೆ.

ಆಲೂಗಡ್ಡೆಯ ಉಳಿದ ಹೋಳುಗಳನ್ನು ಕಾಗದದಲ್ಲಿ ಸುತ್ತಿ ಬಿಸಾಡಿದೆ. ಮರುದಿನ ಮೇಡಮ್ಮಿಗೆ ಹೇಳಬೇಕೆಂದುಕೊಂಡೆ. ಮರುದಿನ ಅವರು ರಜೆಯಲ್ಲಿದ್ದರು. ಅದರ ಮರುದಿನ ಬಂದರು, ನಾನು ಅವರ ಬಾಗಿಲಿನವರೆಗೆ ಹೋಗಿ ಸಹಿ ಬೇಕಾದ ಬೇರೊಂದು ಕಾಗದ ತೋರಿಸಿ ಹಿಂತಿರುಗಿದೆ. ಮೌನ ನನ್ನ ಸ್ವಭಾವ ಎಂದು ಇಷ್ಟು ವರ್ಷ ನಂಬಿದ್ದೆ, ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು. ಈಗ ಅದಕ್ಕೆ ತೂಕವಿದೆ ಎಂದು ಗೊತ್ತಾಗಿತ್ತು, ಮತ್ತು ಗೊತ್ತಾದದ್ದನ್ನು ಹೇಳದೆ ಇರುವುದು ಆ ತೂಕಕ್ಕೇ ಸೇರುತ್ತದೆ ಎಂಬುದೂ ಗೊತ್ತಿತ್ತು. ಹೀಗೆ ಒಂಬತ್ತು ದಿನ ಕಳೆದವು.

ಹತ್ತನೆಯ ದಿನ ಬಾಯಿ ಮಾದರಿಯ ಪೊಟ್ಟಣ ಹಿಡಿದು ಬಂದರು. ಎಂದಿನಂತೆ ಕಿಟಕಿಯಲ್ಲಿ ಕೊಟ್ಟು ಹೋಗಲಿಲ್ಲ.

"ನಾನು ಇಲ್ಲೇ ಕೂತ್ಕೊಳ್ತೇನೆ. ಕೊಕ್ಕೆ ಹೋಗುದಾದ್ರೆ ಕಣ್ಣಾರೆ ನೋಡಿಯೇ ಹೋಗ್ಲಿ," ಎಂದು ಸ್ಟೂಲು ಎಳೆದು ಕುಳಿತರು. ಸೊರಗಿದ್ದರು. ನಾನು ಬಾಣಲೆ ಇಟ್ಟೆ.

"ಸಿಕ್ಕಿತು ಸಿಪ್ರಿ," ಎಂದರು.

"ಏನು ಬಾಯಿ?"

"ನನ್ನೊಳಗೆ ಇದ್ದದ್ದು. ಹುಡುಕಿ ಹುಡುಕಿ ಒಂದು ಸಿಕ್ಕಿತು. ನಮ್ಮವರಿಗೆ ಹೇಳಿಬಿಟ್ಟೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ನನ್ನನ್ನು ನೋಡ್ಲಿಕ್ಕೆ ಬಂದಾಗ ಇವರು, ಇವರ ಅಣ್ಣ ಇಬ್ಬರೂ ಬಂದಿದ್ರು. ನಾನು ಅಣ್ಣನೇ ಹುಡುಗ ಅಂತ ಅಂದ್ಕೊಂಡು ಹೂಂ ಅಂದದ್ದು. ನಿಶ್ಚಿತಾರ್ಥದ ದಿನ ನೋಡಿದ್ರೆ ಉಂಗುರ ಹಿಡ್ಕೊಂಡು ನಿಂತದ್ದು ಇವರು! ಒಂದು ವಾರ ಬೇಜಾರಾಗಿತ್ತು. ಮತ್ತೆ ಮರೆತೇ ಹೋಯ್ತು. ಕೆಲಸ, ಮಕ್ಕಳು, ಅತ್ತೆಯ ಕಾಲುನೋವು... ಎಲ್ಲಿ ನೆನಪಿರ್ತದೆ?"

"ಪೊರ್ಬುಗಳು ಏನಂದರು?"

"ಹಿಡಿ ತಿರುಗಿಸ್ತಾ ಇದ್ದವರು ನಿಲ್ಲಿಸಿದ್ರು. 'ಮೂವತ್ತನಾಲ್ಕು ವರ್ಷ ನಾನು ಯಾರ ಬಟ್ಟಲಲ್ಲಿ ಊಟ ಮಾಡಿದ್ದು ಹಾಗಾದ್ರೆ?' ಅಂತ ಕೇಳಿದ್ರು. ಅಷ್ಟೇ. ಈಗ ಬೇಕರಿಯಿಂದ ಬ್ರೆಡ್ ತಂದು ತಿಂತಾರೆ. ಈ ಸಲದ್ದು ಹಿಡಿಯೂ ನಾನೇ, ಕರುಳೂ ನಾನೇ." ಮೂಗು ಒರೆಸಿಕೊಂಡರು. "ಹೋಗ್ಲಿ. ಉಳಿಕೆ ಇಳಿದ್ರೆ ಸಾಕು. ಕೊಕ್ಕೆಯಾದ್ರೂ ಉಳೀತದೆ."

ನಾನು ಉರಿ ಆರಿಸಿದೆ. ಸಾಸೇಜು ಇನ್ನೂ ಸಿಡಿಯತೊಡಗಿರಲಿಲ್ಲ.

"ಬಾಯಿ, ಅದು ನಿಮ್ಮದಲ್ಲ."

"ಯಾವುದು?"

"ಉಳಿಕೆ. ನನ್ನದು. ಹುರಿದದ್ದು ನಾನಲ್ಲವೇ? ದೂಮಪ್ಪಣ್ಣ ಮಾತಾಡುತ್ತಾ ಹುರಿಯುತ್ತಿದ್ದರು. ನಾನು ಸುಮ್ಮನೆ ನಿಂತು ಹುರಿದೆ. ಆಲೂಗಡ್ಡೆ ಹುರಿದು ನೋಡಿದೆ, ಅದರಲ್ಲೂ ಏಳೂವರೆ ಬಂತು."

ಪಿಯದಾ ಬಾಯಿ ಸುಮ್ಮನಾದರು. ಅವರ ಮೌನವನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ. ಬಹುಶಃ ಯಾರೂ ಕೇಳಿರಲಿಲ್ಲ.

"ಯಾವತ್ತು ಗೊತ್ತಾಯ್ತು ನಿನಗೆ?"

"ಎರಡನೇ ಚೀಟಿ ಕೊಟ್ಟ ದಿನ. ಸಂಜೆ."

"ನಾನು ಅವರಿಗೆ ಹೇಳಿದ್ದು ಅದರ ಮರುದಿನ ಮಧ್ಯಾಹ್ನ."

ಅವರು ಎದ್ದು ಬಾಗಿಲವರೆಗೆ ಹೋದರು. ಮೇಡಂ ಹತ್ತಿರ ಹೋಗುತ್ತಾರೆ ಎಂದುಕೊಂಡೆ, ಅದು ನ್ಯಾಯವೇ ಆಗಿತ್ತು. ಅವರು ತಿರುಗಿ ಬಂದರು.

"ಒಂದು ಮಾತು ಸಿಪ್ರಿ. ಒಂದೇ ಒಂದು ಮಾತು ಬೇಕಿತ್ತು. ಓಡಿ ಬಂದು ಹೇಳಿದ್ರೆ ಹತ್ತು ನಿಮಿಷದ ದಾರಿ. ನಾನು ಇಲ್ಲದ್ದನ್ನು ನೆಲ ಅಗೆದು ತೆಗೆದು ಅವರ ಮುಖಕ್ಕೆ ಎಸೆದೆ. ನೀನು ಇದ್ದದ್ದನ್ನು ಮುಚ್ಚಿಟ್ಟು ಬಾಣಲೆ ತೊಳೀತಾ ಇದ್ದೆ." ಮತ್ತೆ ಸ್ಟೂಲಿನ ಮೇಲೆ ಕುಳಿತರು. ಬೈಗುಳ ಮುಗಿದಿರಲಿಲ್ಲ, ಆದರೆ ದನಿ ಬದಲಾಗಿತ್ತು. "ಏಳೂವರೆ! ನಿನ್ನ ಪ್ರಾಯಕ್ಕೆ ಅದು ಎಂತ ಭಾರ ಮಾರಾಯ? ಎಂತ ಉಂಟು ನಿನ್ನ ಹತ್ರ ಅಷ್ಟು?"

"ಗೊತ್ತಿಲ್ಲ."

"ಗೊತ್ತುಂಟು. ಒಲೆ ಹಚ್ಚು. ಹುರೀತಾ ಹೇಳು. ನಾನು ಕೂತಿದ್ದೇನೆ."

ಒಲೆ ಹಚ್ಚಿದೆ. ಮೊದಲ ಮೂರು ನಿಮಿಷ ಏನೂ ಬರಲಿಲ್ಲ. ಕೊಬ್ಬು ಕರಗಿ ಬಾಣಲೆಗೆ ಇಳಿಯಿತು, ತುಂಡುಗಳು ಅಲುಗಾಡತೊಡಗಿದವು. ಬಾಯಿ ಅವಸರ ಮಾಡಲಿಲ್ಲ. ಕೊನೆಗೆ ನಾನು ನನ್ನ ಅಮ್ಮನ ಸಾರಿನ ವಿಷಯ ಹೇಳಿದೆ. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ಒಂದು ಬೆಳಿಗ್ಗೆ ಬಸ್ಸು ಹತ್ತಿ ಹೋದವರು ಬರಲಿಲ್ಲ. ಅಮ್ಮ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಕೇಳಲಿಲ್ಲ. ಕೇಳದಿರುವುದೇ ಅವಳಿಗೆ ನಾನು ಮಾಡುವ ಉಪಕಾರ ಎಂದುಕೊಂಡಿದ್ದೆ. ಕಚೇರಿ ಸೇರಿದ ಮೊದಲ ತಿಂಗಳು, ದೂಮಪ್ಪಣ್ಣ ಊಟಕ್ಕೆ ಹೋದಾಗ, ಅಮ್ಮ ಡಬ್ಬಿಗೆ ಹಾಕಿಕೊಟ್ಟಿದ್ದ ಹುರುಳಿ ಸಾರನ್ನು ತೂಗಿದೆ. ಏಳೂವರೆ. ನಾನು ಹದಿನಾರು ವರ್ಷದಿಂದ ದಿನಾ ಉಂಡದ್ದು ಅದನ್ನು. ಅಂದು ಸಂಜೆ ಖಾಲಿ ಡಬ್ಬಿ ಅವಳ ಕೈಗೆ ಕೊಟ್ಟು, ಸಾರು ಚೆನ್ನಾಗಿತ್ತು ಎಂದೆ.

"ಮನೆಯ ಸಾರನ್ನು ತೂಗಿದೆಯಾ?" ಎಂದು ಬಾಯಿ ಕೆನ್ನೆಗೆ ಕೈ ಹಚ್ಚಿಕೊಂಡರು. ಮತ್ತೆ ಬಾಣಲೆಯತ್ತ ಬಗ್ಗಿ, "ತಿರುಗಿಸಿ ಹಾಕು, ಒಂದು ಬದಿ ಕರ್ರಗಾಗ್ತದೆ," ಎಂದರು.

ಆ ಮಾದರಿಯ ಉಳಿಕೆ ಒಂದು ಪಾಯಿಂಟ್ ಒಂದು ಬಂತು.

ಆಮೇಲಿನದ್ದು ಕಷ್ಟವಾಗಲಿಲ್ಲ. ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸುನೇತ್ರಾ ಮೇಡಂ ಮುಂದೆ ಇಟ್ಟೆ. ಅವರು ಎರಡು ಸಲ ಓದಿದರು. "ಹಿಂದಿನ ಎರಡು ಚೀಟಿ ರದ್ದು ಮಾಡ್ಬೇಕಾಗ್ತದೆ. ಕಾರಣ ಹೊರಗಿನ ನೋಟಿಸ್ ಬೋರ್ಡಿಗೆ ಹಾಕ್ಬೇಕು. ನಿಮ್ಮ ಹೆಸರು ಬರ್ತದೆ, ಸಿಪ್ರಿಯನ್. ಉಳಿಕೆಯ ಸಂಖ್ಯೆಯೂ ಬರ್ತದೆ."

"ಬರಲಿ ಮೇಡಂ."

"ಮಾತು ಕಡಿಮೆ ಅಂತ ನಿಮ್ಮನ್ನು ತಗೊಂಡವಳು ನಾನೇ," ಎಂದು ಅವರು ಹಾಳೆಯನ್ನು ಮಡಚಿದರು. "ನೀರಿನ ವಿಭಾಗಕ್ಕೆ ಹೋಗಿ. ಅಲ್ಲಿ ಏನನ್ನೂ ಬೇಯಿಸ್ಲಿಕ್ಕಿಲ್ಲ."

ಬೋರ್ಡಿಗೆ ಬಿದ್ದ ಅರ್ಧ ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ದೋಸೆಯವನು ಬೀದಿಗೇ ಕೂಗಿದ: "ಏನು ಸಾರ್, ಏಳೂವರೆಯಂತೆ! ಒಳಗೆ ಬನ್ನಿ, ಹಿಟ್ಟು ಕಲಸಿ ಕೊಡಿ, ನನ್ನ ಷಡ್ಡಕನಿಗೇ ಒಂದು ತಿನ್ನಿಸ್ತೇನೆ!" ನಾನು ನಕ್ಕೆ. ನಕ್ಕದ್ದು ನನಗೇ ಆಶ್ಚರ್ಯವಾಯಿತು.

ಕೊಕ್ಕೆಗಳು ಉಳಿದವು, ಆದರೆ ಪೊರ್ಬುಗಳು ಬ್ರೆಡ್ಡು ತಿನ್ನುವುದನ್ನು ಬಿಟ್ಟಿರಲಿಲ್ಲ. ನನ್ನ ಮೇಜು ಖಾಲಿ ಮಾಡುವ ದಿನ ಕಪಾಟಿನಲ್ಲಿದ್ದ ದೂಮಪ್ಪಣ್ಣನ ಹಳೆಯ ನಕಲುಗಳನ್ನು ತೆಗೆದೆ. ಪಿಯದಾ ಬಾಯಿಯ ಹನ್ನೊಂದು ವರ್ಷದ ಚೀಟಿಗಳು, ದಾರದಲ್ಲಿ ಪೋಣಿಸಿದ್ದವು. ಮೇಡಂ ಅನುಮತಿ ಕೇಳಿ ಅವನ್ನು ಹಿಡಿದು ಬಾಯಿಯ ಅಂಗಡಿಯ ಹಿಂಭಾಗಕ್ಕೆ ಹೋದೆ. ಬಸ್ತಿ ಪೊರ್ಬುಗಳು ಹಿತ್ತಲಿನಲ್ಲಿ ಕುಳಿತು ಮಿಷನ್ನಿನ ಬಿಡಿಭಾಗಗಳನ್ನು ಬೂದಿ ಹಾಕಿ ಉಜ್ಜುತ್ತಿದ್ದರು. ತೆಳ್ಳಗಿನ, ದೊಡ್ಡ ಕಿವಿಯ ಮನುಷ್ಯ. ನನ್ನನ್ನು ನೋಡಿಯೂ ನೋಡದಂತೆ ಉಜ್ಜಿದರು.

"ಇದನ್ನು ಓದಿ ಪೊರ್ಬುಗಳೇ."

"ಎಂತ ಉಂಟು ಅದರಲ್ಲಿ? ನೀರು, ಕೊಬ್ಬು."

"ಕೊನೆಯ ಸಾಲು ಓದಿ."

ಕೈ ಒರೆಸಿಕೊಂಡು ತೆಗೆದುಕೊಂಡರು. ಒಂದೊಂದಾಗಿ ಸರಿಸಿದರು. ಸೊನ್ನೆ ಪಾಯಿಂಟ್ ಎಂಟು. ಸೊನ್ನೆ ಪಾಯಿಂಟ್ ಏಳು. ಸೊನ್ನೆ ಪಾಯಿಂಟ್ ಎಂಟು. ಬೇಸಿಗೆ, ಮಳೆಗಾಲ, ಅವರ ಅತ್ತಿಗೆ ತೀರಿಕೊಂಡ ವರ್ಷ, ಮಗಳ ಮದುವೆಯ ವರ್ಷ.

"ಮುಚ್ಚಿಟ್ಟದ್ದಕ್ಕೆ ತೂಕ ಇರುತ್ತದೆ," ಎಂದೆ. ಯಾರೂ ಕೇಳದೆ ಇಷ್ಟು ಉದ್ದ ನಾನು ಯಾರ ಹತ್ತಿರವೂ ಮಾತಾಡಿದವನಲ್ಲ. "ನನ್ನದು ಏಳೂವರೆ ತೂಗಿತು, ಬೋರ್ಡಿನಲ್ಲಿ ನೋಡಿದ್ದೀರಿ. ನಿಮ್ಮ ಅಣ್ಣನ ವಿಷಯ ಬಾಯಿಯ ಮನಸ್ಸಿನಲ್ಲಿ ಇದ್ದಿದ್ದರೆ ಈ ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ ಕಾಣಿಸಬೇಕಿತ್ತು. ಕಾಣಿಸಲಿಲ್ಲ. ಯಾಕೆಂದರೆ ಅದು ಅಲ್ಲಿ ಇರಲೇ ಇಲ್ಲ. ನನ್ನ ತಪ್ಪಿನಿಂದ ಅವರು ಇಲ್ಲದ್ದನ್ನು ಹುಡುಕಬೇಕಾಯಿತು."

ಪೊರ್ಬುಗಳು ಚೀಟಿಗಳ ಮೇಲೆ ಹೆಬ್ಬೆರಳು ಆಡಿಸಿದರು. ಒಳಗೆ ಬಾಯಿ ಮೆಣಸು ಅರೆಯುವ ಸದ್ದು ನಿಂತಿತ್ತು. ಕೇಳಿಸಿಕೊಳ್ಳುತ್ತಿದ್ದಾರೆಂದು ಇಬ್ಬರಿಗೂ ಗೊತ್ತಾಯಿತು.

"ಹಾಗಾದ್ರೆ ಈ ಸೊನ್ನೆ ಪಾಯಿಂಟ್ ಎಂಟು ಎಂತದ್ದು?" ಎಂದು ಪೊರ್ಬುಗಳು ಗಟ್ಟಿಯಾಗಿ, ಗೋಡೆಯಾಚೆಗೆ ಕೇಳಿಸುವಂತೆ ಕೇಳಿದರು.

"ಅದು ನೀವು ಇಗರ್ಜಿಯಲ್ಲಿ ಹಾಡುದು!" ಎಂದು ಒಳಗಿನಿಂದ ಉತ್ತರ ಬಂತು. "ಹನ್ನೊಂದು ವರ್ಷ ಅಲ್ಲ, ಮೂವತ್ತನಾಲ್ಕು ವರ್ಷ ಸಹಿಸಿದ್ದೇನೆ!"

ಅವರ ದೊಡ್ಡ ಕಿವಿಗಳು ಕೆಂಪಾದವು. ಮಿಷನ್ನಿನ ಹಿಡಿಯನ್ನು ಎತ್ತಿಕೊಂಡು ಒಳಗೆ ಹೋದರು. ಆ ಎಂಟರಲ್ಲಿ ದೂಮಪ್ಪಣ್ಣನ ಮೀನಿನ ಸುಳ್ಳೂ ಸ್ವಲ್ಪ ಇರಬಹುದು ಎಂದು ನಾನು ಹೇಳಲಿಲ್ಲ. ಅದೊಂದನ್ನು ಇಟ್ಟುಕೊಂಡರೆ ಭಾರವಾಗಲಾರದು ಎನಿಸಿತು.

ಹೊರಡುವಾಗ ಬಾಯಿ ನಾಲ್ಕು ತುಂಡು ಸಾಸೇಜನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ತುರುಕಿದರು. ಮುಖ ಇನ್ನೂ ಬಿಗಿಯಾಗಿಯೇ ಇತ್ತು. "ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಇದು ನಿನಗಲ್ಲ, ನಿನ್ನ ಅಮ್ಮನಿಗೆ. ನೀನೇ ಹುರಿದು ಕೊಡು."

ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ ಮನೆಗೆ ನಡೆದೆ. ಅಮ್ಮ ಅಡುಗೆಮನೆಯ ನೆಲದಲ್ಲಿ ಕುಳಿತು ಬಸಳೆ ಬಿಡಿಸುತ್ತಿದ್ದಳು. ಈ ಹೊತ್ತಿನಲ್ಲಿ ನಾನು ಬಂದದ್ದಕ್ಕೂ, ಬಂದವನು ಬಾಣಲೆ ತೆಗೆದದ್ದಕ್ಕೂ ಅವಳು ಏನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವುದಿಲ್ಲ. ನಾಲ್ಕು ತುಂಡುಗಳನ್ನು ಸಾಲಾಗಿ ಇಟ್ಟು ಸಣ್ಣ ಉರಿ ಹಚ್ಚಿದೆ. ಬೆನ್ನು ತಿರುಗಿಸಿ ನಿಂತೇ ಹೇಳಿದೆ.

"ಅಮ್ಮ, ಎರಡು ವರ್ಷದ ಹಿಂದೆ ನಿನ್ನ ಸಾರನ್ನು ಕಚೇರಿಯಲ್ಲಿ ತೂಗಿದೆ."

ಎಲೆ ಬಿಡಿಸುವ ಸದ್ದು ನಿಲ್ಲಲಿಲ್ಲ. "ಗೊತ್ತುಂಟು," ಎಂದಳು.

ನಾನು ತಿರುಗಿದೆ.

"ಆ ದಿನ ಡಬ್ಬಿಯಲ್ಲಿ ಸ್ಪಿರಿಟಿನ ವಾಸನೆ ಇತ್ತು. ಎರಡು ಸಲ ಸೋಪು ಹಾಕಿ ತೊಳೆದೆ." ಒಂದು ಬಲಿತ ದಂಟನ್ನು ಮುರಿದು ಬದಿಗಿಟ್ಟಳು. "ನೀನು ಹೇಳ್ತೀಯೋ ಅಂತ ನೋಡಿದೆ. ಸಾರು ಚೆನ್ನಾಗಿತ್ತು ಅಂದಿ. ಸರಿ, ಇವನಿಗೆ ಬೇಡದಿದ್ರೆ ಯಾಕೆ ಅಂತ ನಾನೂ ಬಿಟ್ಟೆ. ಎಷ್ಟು ಬಂದಿತ್ತು?"

"ಏಳೂವರೆ."

ಅವಳು ತನ್ನ ಹಸಿರಾದ ಬೆರಳುಗಳನ್ನು ನೋಡಿಕೊಂಡಳು.

"ಅಷ್ಟೇಯಾ? ನಾನು ಇನ್ನೂ ತುಂಬ ಇರಬಹುದು ಅಂತ ಮಾಡಿದ್ದೆ."

ಕೊಬ್ಬು ಕರಗಿ ಮೊದಲ ಸಿಡಿತ ಕೇಳಿಸಿತು. ಅಮ್ಮ ಎದ್ದು, ಕೈ ತೊಳೆದುಕೊಂಡು, ಒಲೆಯ ಹತ್ತಿರ ಬಂದು ನಿಂತಳು. ನಾವಿಬ್ಬರೂ ಒಂದೇ ಬಾಣಲೆಯನ್ನು ನೋಡುತ್ತಿದ್ದೆವು.

"ಇದಕ್ಕೆ ಎಷ್ಟು ಹೊತ್ತು ಬೇಕು?"

"ಹದಿನೈದು ನಿಮಿಷ."

"ಸಾಕಾಗ್ಲಿಕ್ಕಿಲ್ಲ," ಎಂದು ಅವಳು ಕೈಚಾಚಿ ಉರಿಯನ್ನು ಇನ್ನೂ ಸಣ್ಣದು ಮಾಡಿದಳು.